ಕೆಂಚನಕೋಟೆಯ ನಾಚಿಕೆಗಟ್ಟೆ

ಕೆಂಚನಕೋಟೆಯಲ್ಲಿ ಬಸ್ಸಿಳಿದು ಹಳೆಯ ಕೋಟೆಬಾಗಿಲಿನ ಕಡೆ ನಡೆದರೆ, ಬಾಗಿಲಿಗಿಂತ ಮೊದಲೇ ಎಡಗಡೆ ಬೇವಿನ ಮರದ ಕೆಳಗೆ ಉದ್ದನೆಯ ಒಂದು ಕಲ್ಲುಕಟ್ಟೆ ಸಿಗುತ್ತದೆ. ಅದನ್ನು ಕಟ್ಟಿದವನಿಗೆ ಕಟ್ಟುವ ಕೆಲಸ ಬರುತ್ತಿರಲಿಲ್ಲ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಕಲ್ಲು ಕರಿದು, ಪಕ್ಕದ್ದು ಕೆಂಪು; ಒಂದರ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿದ್ದಾರೆ, ಇನ್ನೊಂದು ಕೂತು ಕೂತು ನಡುವೆ ತಗ್ಗಾಗಿದೆ. ಪುರಸಭೆಯವರು ನಾಲ್ಕು ವರ್ಷದ ಹಿಂದೆ ಇದಕ್ಕೆ ನೀಲಿ ಬಣ್ಣದ ಫಲಕ ನೆಟ್ಟು 'ಸ್ವಾಗತ ಕಟ್ಟೆ' ಎಂದು ಬರೆಸಿದರು. ಹೆಸರು ಚೆನ್ನಾಗಿಯೇ ಇದೆ, ಆದರೆ ಊರಿನ ಒಬ್ಬರ ಬಾಯಲ್ಲೂ ಅದು ಕೂರಲಿಲ್ಲ. ಆಟೋದವರಿಂದ ಹಿಡಿದು ಅಂಚೆಯವರವರೆಗೆ ಎಲ್ಲರಿಗೂ ಅದು ನಾಚಿಕೆಗಟ್ಟೆ. ಇಷ್ಟೇ ಅಲ್ಲ, ಮಂಡಿನೋವಿನ ಮುದುಕರು ಕೂಡ ಬೇವಿನ ಮರಕ್ಕೆ ಒರಗಿ ನಿಂತಾರೇ ಹೊರತು ಊರಿನವರು ಯಾರೂ ಆ ಕಟ್ಟೆಯ ಮೇಲೆ ಕೂರುವುದಿಲ್ಲ.

ಹಿಂದೆ ಒಮ್ಮೆ, ನಾಯಕರು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಮುರಿಗೆಪ್ಪ ಎಂಬವನು ಇಲ್ಲಿ ಪಟ್ಟಣಶೆಟ್ಟಿಯಾಗಿದ್ದ ಎನ್ನುತ್ತಾರೆ. ಪೇಟೆಯ ವ್ಯವಹಾರ, ಬೀದಿಯ ಅಚ್ಚುಕಟ್ಟು, ಬಂದುಹೋಗುವವರ ಯೋಗಕ್ಷೇಮ ಎಲ್ಲವೂ ಅವನ ಹೆಗಲ ಮೇಲಿತ್ತು. ಮನುಷ್ಯ ಕೆಟ್ಟವನಲ್ಲ. ಊರಿನ ಮೇಲೆ ಅವನಿಗಿದ್ದ ಅಭಿಮಾನ ಮಾತ್ರ ವಿಪರೀತ. ಹಾಗೆ ವಿಪರೀತ ಅಭಿಮಾನವಿರುವವರಿಗೆ ಆಗುವಂತೆಯೇ, ಹೊರಗಿನವರ ಎದುರಿಗೆ ತನ್ನ ಊರನ್ನು ಕಂಡರೆ ಅವನಿಗೆ ಸದಾ ಒಂದು ಸಂಕೋಚ. ಬೀದಿ ಸೊಟ್ಟ, ಮನೆಗಳು ಒಂದರ ಸಾಲಿಗೆ ಒಂದಿಲ್ಲ, ಪ್ರತಿ ಮನೆಯ ಮುಂದೂ ಜಗಲಿ ತನಗೆ ತೋಚಿದಷ್ಟು ಮುಂದಕ್ಕೆ ಚಾಚಿಕೊಂಡಿದೆ. ಒಂದು ಜಗಲಿಯ ಮೇಲೆ ಹುರುಳಿ ಒಣಗುತ್ತಿದ್ದರೆ ಇನ್ನೊಂದರ ಮೇಲೆ ಯಾವೂರಿನವನೋ ಬಾಯಿ ತೆರೆದು ಮಲಗಿರುತ್ತಾನೆ. ಪರಸ್ಥಳದ ವ್ಯಾಪಾರಿಗಳ ಜೊತೆ ಬೀದಿಯಲ್ಲಿ ನಡೆಯುವಾಗ ಮುರಿಗೆಪ್ಪ ಅವರ ಕಣ್ಣು ಎತ್ತ ಹೋಗುತ್ತದೆ ಎಂದೇ ನೋಡುತ್ತಿದ್ದನಂತೆ.

ಆ ಜಗಲಿಗಳ ಬಗ್ಗೆ ಒಂದು ಮಾತು ಹೇಳಬೇಕು. ಕೆಂಚನಕೋಟೆಯಲ್ಲಿ ದಾರಿಹೋಕರನ್ನು ಬಾಯಿ ಬಿಟ್ಟು ಕರೆಯುವ ಪದ್ಧತಿ ಇರಲಿಲ್ಲ. ಬೀದಿಯಲ್ಲಿ ನಿಂತವರನ್ನು "ಬಾ, ನೀರು ಕುಡಿ" ಎಂದರೆ ಅವರ ಬಡತನವನ್ನು ಎತ್ತಿ ಆಡಿದಂತೆ ಎಂದು ಹಿರಿಯರು ತಿಳಿದಿದ್ದರು. ಬಂದವರು ಯಾವುದಾದರೂ ಜಗಲಿಯ ಮೇಲೆ ಸುಮ್ಮನೆ ಕೂರಬೇಕು. ಕೂತರೆ ಸಾಕು, ಒಳಗಿನಿಂದ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಬರುತ್ತಿತ್ತು. ಯಾರು, ಏನು, ಯಾವ ಜಾತಿ ಎಂದು ಕೇಳುವಂತಿರಲಿಲ್ಲ. ಕೊಟ್ಟವರಿಗೆ ಹೆಚ್ಚುಗಾರಿಕೆಯಿಲ್ಲ, ಕುಡಿದವರಿಗೆ ದೈನ್ಯವಿಲ್ಲ. ಮುರಿಗೆಪ್ಪನ ತಾಯಿ ಹಾಲವ್ವ ಹೀಗೆ ನೀರು ಕೊಡುತ್ತಲೇ ಮುದುಕಿಯಾದವಳು. ಅವಳು ದಿನಾ ಮಧ್ಯಾಹ್ನ ಕೂರುತ್ತಿದ್ದ ಜಗಲಿಯ ಕಲ್ಲೇ ನಡುವೆ ತಗ್ಗಾಗಿದ್ದು.

ಆ ಹೊತ್ತಿಗೆ ಊರಿನ ದೆಸೆ ಇಳಿಯತೊಡಗಿತ್ತು. ಸರಕು ಹೊರುವ ಹೇರೆತ್ತುಗಳ ದಾರಿ ಬೇರೆಯಾಗಿ, ಸಂತೆ ಸೊರಗಿ, ಪೇಟೆಯಲ್ಲಿ ಮನೆಗಳಿಗೆ ಬೀಗ ಬೀಳುತ್ತಿತ್ತು. ಅಂಥದರಲ್ಲಿ, ಯುದ್ಧದಲ್ಲಿ ಊರು ಕಳೆದುಕೊಂಡ ನೇಕಾರರ ದೊಡ್ಡ ಗುಂಪೊಂದು ನೆಲೆ ಹುಡುಕಿಕೊಂಡು ಈ ಕಡೆ ಬರುತ್ತಿದೆ ಎಂಬ ಸುದ್ದಿ ಬಂತು. ಮಗ್ಗ ಬಂದರೆ ಬಣ್ಣ ಹಾಕುವವರು, ಹತ್ತಿ ಮಾರುವವರು ಎಲ್ಲ ಹಿಂದೆಯೇ ಬರುತ್ತಾರೆ; ಸತ್ತ ಪೇಟೆಗೆ ಜೀವ ಬರುತ್ತದೆ. ಅವರ ಕಣ್ಣು ಎರಡು ಊರಿನ ಮೇಲಿತ್ತು. ಒಂದು ಕೆಂಚನಕೋಟೆ, ಇನ್ನೊಂದು ಕೋಟೆಯೂ ಇಲ್ಲದ, ಮೊಣಕಾಲುದ್ದ ಕೆಸರಿನ ಗೋಣಿಹಾಳು. ನಾಯಕರು ಮುರಿಗೆಪ್ಪನನ್ನು ಕರೆಸಿ, "ಅವರು ಇಲ್ಲೇ ನಿಲ್ಲಬೇಕು ಶೆಟ್ಟರೇ. ಊರು ಉಳಿಯೋದೂ ಅಳಿಯೋದೂ ಈಗ ನಿಮ್ಮ ಕೈಯಾಗೈತೆ" ಎಂದರು.

ಮುರಿಗೆಪ್ಪ ಮನೆಗೆ ಬಂದವನೇ ಬೀದಿಯ ಈ ತುದಿಯಿಂದ ಆ ತುದಿಗೆ ಹಗ್ಗ ಹಿಡಿಸಿದ. ಹಗ್ಗದಿಂದ ಈಚೆಗೆ ಬಂದ ಜಗಲಿಗಳೆಲ್ಲ ಹೋಗಬೇಕು ಎಂದು ಅಪ್ಪಣೆಯಾಯಿತು. ಎಲ್ಲ ಜಗಲಿಗಳೂ ಈಚೆಗೇ ಬಂದಿದ್ದವು. ಜನ ಗೊಣಗಿದರು, ಆದರೆ ಶೆಟ್ಟಿ ಮೊದಲು ತನ್ನ ಮನೆಯ ಜಗಲಿಯನ್ನೇ ಕೀಳಿಸಿದ್ದರಿಂದ ಎದುರು ಮಾತನಾಡುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಹಾಲವ್ವ ಮಾತ್ರ ಹೊಸಿಲಿನ ಒಳಗೆ ನಿಂತು, "ಬಂದೋರು ಎಲ್ಲಿ ಕೂರ್ತಾರೋ ಮಗಾ?" ಎಂದು ಕೇಳಿದಳು. "ಬರೋರು ಕೂರಾಕೆ ಬರಲ್ಲವ್ವ, ನೋಡಾಕೆ ಬರ್ತಾರೆ" ಎಂದ ಮುರಿಗೆಪ್ಪ. ಕಿತ್ತ ಕಲ್ಲುಗಳನ್ನೆಲ್ಲ ಕೋಟೆಯ ಕಂದಕಕ್ಕೆ ಉರುಳಿಸಿದರು. ಗೋಡೆಗಳಿಗೆಲ್ಲ ಒಂದೇ ಸಮ ಸುಣ್ಣ, ಕೆಳಗೆ ಒಂದೇ ಅಳತೆಯ ಕೆಮ್ಮಣ್ಣಿನ ಪಟ್ಟೆ. ಬೀದಿ ಎಷ್ಟು ನೆಟ್ಟಗಾಯಿತೆಂದರೆ, ಕೋಟೆಬಾಗಿಲಲ್ಲಿ ನಿಂತರೆ ಆ ತುದಿಯ ಗುಡಿಯ ದೀಪಸ್ತಂಭ ಕಾಣುತ್ತಿತ್ತು. ಮುರಿಗೆಪ್ಪನಿಗೆ ಜೀವನದಲ್ಲಿ ಮೊದಲ ಬಾರಿ ತನ್ನ ಊರನ್ನು ನೋಡಿ ಸಂಕೋಚವಾಗಲಿಲ್ಲ. ಆ ಸುಖ ಮೂರು ದಿನವೂ ಉಳಿಯಲಿಲ್ಲ ಪಾಪ.

ನೇಕಾರರ ಯಜಮಾನ ಬರುವ ಹಿಂದಿನ ದಿನ, ಸುಡುಮಧ್ಯಾಹ್ನದಲ್ಲಿ, ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ಕೋಟೆಬಾಗಿಲಿನಿಂದ ಒಳಗೆ ಬಂದಳು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಕೆರವಿಲ್ಲ. ನೆಟ್ಟಗಿದ್ದ ಬೀದಿಯಲ್ಲಿ ನೆರಳು ಕೊಡುವ ಒಂದು ಸೂರೂ ಇರಲಿಲ್ಲ, ಜಗಲಿಯ ಜೊತೆಗೆ ಅದರ ಮೇಲಿನ ಚಪ್ಪರವೂ ಹೋಗಿತ್ತಲ್ಲ. ಅವಳು ಒಂದೊಂದು ಬಾಗಿಲ ಮುಂದೂ ನಡಿಗೆ ನಿಧಾನ ಮಾಡಿದಳು. ಒಳಗಿನಿಂದ ಹೆಂಗಸರು ನೋಡಿದರು. ನೀರು ತುಂಬಿದ ಚೊಂಬು ಕೈಗೆ ತೆಗೆದುಕೊಂಡವರೂ ಇದ್ದರು. ಆದರೆ ಅವಳು ಕೂತಿಲ್ಲ. ಕೂರದವರನ್ನು ಕರೆಯುವುದು ಹೇಗೆ? ಕೂರುವುದಕ್ಕೆ ಅವಳಿಗೆ ಏನೂ ಉಳಿದಿಲ್ಲ ಎನ್ನುವುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲವಂತೆ. ಬೀದಿಯ ಉದ್ದಕ್ಕೂ, ಅವರು ಕರೆಯಲಿ ಎಂದು ಅವಳು ಕಾದಳು, ಅವಳು ಕೂರಲಿ ಎಂದು ಅವರು ಕಾದರು.

ಹೀಗೆ ನಡೆದು ನಡೆದು ಅವಳು ಮುರಿಗೆಪ್ಪನ ಮನೆಯ ಮುಂದೆ ಬಂದಾಗ ತಲೆ ಸುತ್ತಿ ಬಂತು. ಬೀಳದಿರಲೆಂದು ಬಾಗಿಲ ಪಕ್ಕದ ಗೋಡೆಗೆ ಕೈ ಕೊಟ್ಟು ನಿಂತಳು. ಮುರಿಗೆಪ್ಪ ಆಗ ನಡುಮನೆಯಲ್ಲಿ ಕೂತು ನಾಳೆಯ ತೋರಣದ ಲೆಕ್ಕಾಚಾರದಲ್ಲಿದ್ದ. ಬಾಗಿಲಲ್ಲಿ ನೆರಳಾಡಿದ್ದು ಕಂಡು ಎದ್ದು ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಬೆಳಿಗ್ಗೆ ತಾನೇ ಇನ್ನೊಂದು ಸಲ ಬಳಿಸಿದ ಸುಣ್ಣ, ಅದರ ಮೇಲೆ ಒತ್ತಿಕೊಂಡಿದ್ದ ಅಂಗೈ. ಆಮೇಲೆ, ಆ ಅಂಗೈಯ ಹಿಂದಿದ್ದ ಹೆಂಗಸು. ಧಡಕ್ಕನೆ ಹೊಸಿಲು ದಾಟಿ, "ಗೋಡೆ ಮುಟ್ಟಬ್ಯಾಡವ್ವ, ಸುಣ್ಣ ಇನ್ನೂ ಹಸಿ ಐತೆ" ಎಂದ. ಗದರಲಿಲ್ಲ, ಮೆತ್ತಗೇ ಹೇಳಿದ. ಅವಳು ಕೈ ತೆಗೆದುಕೊಂಡಳು. ಒಂದು ಕ್ಷಣ ಅವನ ಮುಖವನ್ನು ನೋಡಿ, ಬಂದ ದಾರಿಯಲ್ಲೇ ಹಿಂತಿರುಗಿದಳು. ಒಳಗಿನಿಂದ ಹಾಲವ್ವ, "ಯಾರೋ ಅದು ಬಾಗಿಲಾಗೆ?" ಎಂದು ಕೂಗಿದಳು. ಮುರಿಗೆಪ್ಪ ಗೋಡೆಯ ಮೇಲಿನ ಗುರುತನ್ನು ನೋಡುತ್ತಾ, "ಯಾರೂ ಇಲ್ಲವ್ವ" ಎಂದ.

ಮರುದಿನ ಕೊಂಬು ಕಹಳೆಗಳ ನಡುವೆ ಯಜಮಾನ ದೇವಲಪ್ಪ ಬಂದ. ಮುರಿಗೆಪ್ಪ ಮುಂದೆ ನಿಂತು ಊರನ್ನು ತೋರಿಸಿದ, ಬೀದಿಯ ನೇರವನ್ನು ಬಣ್ಣಿಸಿದ. ದೇವಲಪ್ಪ ಎಲ್ಲ ಕೇಳಿ, ಹಿಂದೆ ಹೆಂಗಸರ ಗುಂಪಿನಲ್ಲಿದ್ದ ತಾಯಿಯ ಕಡೆ ತಿರುಗಿದ. ಊರಿನಲ್ಲಿ ಹೆಚ್ಚು ಹೊತ್ತು ಇರಬೇಕಾದವರು ಹೆಂಗಸರು, ಆದ್ದರಿಂದ ಬರಿಗೈಯಲ್ಲಿ ಒಬ್ಬ ಹೆಂಗಸು ಮೊದಲು ಹೋಗಿ ನೋಡಿಬರಬೇಕು ಎಂಬುದು ಆ ನೇಕಾರರ ರೂಢಿಯಂತೆ. ತಾಯಿ ಚೌಡವ್ವ ಮುಂದೆ ಬಂದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ ಉಳಿದಿತ್ತು. ಅದನ್ನು ಕಂಡವನು ಆ ಜನಜಂಗುಳಿಯಲ್ಲಿ ಮುರಿಗೆಪ್ಪನೊಬ್ಬನೇ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ಚೌಡವ್ವ ಯಾರ ಮೇಲೂ ದೂರು ಹೇಳಲಿಲ್ಲ. "ಊರು ನೋಡಾಕೆ ಬಲು ಚೆಂದ ಐತಪ್ಪ. ನಾವು ಇರಾಕೆ ಊರು ಹುಡುಕ್ತಾ ಇದೀವಿ" ಎಂದಳು, ಅಷ್ಟೇ. ಆ ಸಂಜೆಯೇ ಅವರ ಬಂಡಿಗಳು ಗೋಣಿಹಾಳಿನ ಕೆಸರಿಗೆ ಇಳಿದವು.

ಊರಿನವರು ನೇಕಾರರಿಗೆ ಸೊಕ್ಕು ಎಂದರು, ಗೋಣಿಹಾಳಿನವರು ಮಾಟ ಮಾಡಿಸಿದರು ಎಂದರು. ನಡೆದದ್ದನ್ನು ಮುರಿಗೆಪ್ಪ ಯಾರಿಗೂ ಹೇಳಲಿಲ್ಲ. ಹೆತ್ತ ತಾಯಿಗೂ ಹೇಳಲಿಲ್ಲ. ಜಗಲಿಯಿಲ್ಲದ ಮನೆಯಲ್ಲಿ ಕತ್ತಲ ಮೂಲೆ ಹಿಡಿದು ಕೂತಿದ್ದ ಹಾಲವ್ವ ಆ ಮಳೆಗಾಲದಲ್ಲೇ ತೀರಿಕೊಂಡಳು. ಅವಳ ಕರ್ಮಾದಿಗಳು ಮುಗಿದ ಮಾರನೆಯ ದಿನ ಮುರಿಗೆಪ್ಪ ಪಟ್ಟಣಶೆಟ್ಟಿಯ ಮುದ್ರೆಯುಂಗುರವನ್ನು ನಾಯಕರಿಗೆ ಒಪ್ಪಿಸಿ, ಒಬ್ಬನೇ ಕಂದಕಕ್ಕೆ ಇಳಿದ. ಕೆಸರಿನಲ್ಲಿ ಹೂತಿದ್ದ ಜಗಲಿಕಲ್ಲುಗಳನ್ನು ಮೀಟಿ, ಉರುಳಿಸಿ, ಹೊತ್ತು, ಒಂದೊಂದಾಗಿ ಕೋಟೆಬಾಗಿಲಿನ ಹೊರಗೆ ತಂದು ಜೋಡಿಸತೊಡಗಿದ. ಮೊದಲು ಇಟ್ಟಿದ್ದು ನಡುವೆ ತಗ್ಗಾದ ಆ ಕಲ್ಲು. ಸಹಾಯಕ್ಕೆ ಬಂದವರನ್ನು ಕೈಮುಗಿದು ಕಳಿಸಿದ. ಜನ ಅದನ್ನು ಶೆಟ್ಟಿಯ ಹುಚ್ಚುಕಟ್ಟೆ ಎಂದು ಕರೆದು ನಕ್ಕರು. ಕಟ್ಟೆ ಮುಗಿದ ಮೇಲೆ ಅವನು ಪಕ್ಕದಲ್ಲಿ ನೀರಿನ ಗಡಿಗೆ ಇಟ್ಟುಕೊಂಡು, ಬಂದು ಕೂತವರಿಗೆಲ್ಲ ಚೊಂಬಿನಲ್ಲಿ ನೀರು ಕೊಡುತ್ತಾ ನಿಂತ. ತಾನು ಮಾತ್ರ ಕೂರಲಿಲ್ಲ.

ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಯಾವುದೋ ಗುಡಿಗೆ ಹೊರಟಿದ್ದ ಹೆಂಗಸರ ಗುಂಪೊಂದು ಕಟ್ಟೆಯ ಹತ್ತಿರ ದಣಿವಾರಿಸಿಕೊಳ್ಳಲು ನಿಂತಿತು. ಅವರಲ್ಲಿ ತುಂಬ ಮುದುಕಿಯಾದವಳಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ಜೊತೆಯವರು ಕೈಹಿಡಿದು ತಂದು ಕೂರಿಸಿದ್ದು ಹಾಲವ್ವನ ಕಲ್ಲಿನ ಮೇಲೇ. ಮುರಿಗೆಪ್ಪನಿಗೆ ಗುರುತು ಹತ್ತಿತು. ಚೊಂಬು ತುಂಬಿ ಕೊಟ್ಟ. ಅವಳು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೊಟ್ಟೆ ತಣ್ಣಗಾತು ಕಣಪ್ಪ. ಯಾವೂರಿದು?" ಎಂದಳು. ಮುರಿಗೆಪ್ಪ ಊರಿನ ಹೆಸರು ಎತ್ತದೆ, "ಕೂತ್ಕೊಳವ್ವ, ಬಿಸಿಲು ಇಳೀಲಿ" ಎಂದ.

ಮುದುಕಿ ಆ ದನಿಯನ್ನೇ ಎಲ್ಲಿಯೋ ಹುಡುಕುತ್ತಿದ್ದವಳ ಹಾಗೆ ತಲೆ ಓರೆ ಮಾಡಿಕೊಂಡು ಕೂತಿದ್ದಳು. ಆಮೇಲೆ ಪಕ್ಕದ ಕಲ್ಲಿನ ಕಡೆಗೆ ಅಂಗೈ ಚಾಚಿ, ಮುಟ್ಟದೆ, ಗಾಳಿಯಲ್ಲೇ ನಿಲ್ಲಿಸಿ ಕೇಳಿದಳು:

"ಮುಟ್ಟಬೌದೇನಪ್ಪ? ಸುಣ್ಣ ಒಣಗೈತಾ?"

ಮುರಿಗೆಪ್ಪ ಅಲ್ಲೇ ಅವಳ ಕಾಲಿನ ಮೇಲೆ ಬಿದ್ದ. ಸಂತೆಗೆ ಹೊರಟ ಜನ ಏನೋ ಆಯಿತೆಂದು ಸುತ್ತ ಸೇರಿದರು. ಅಷ್ಟು ವರ್ಷ ನುಂಗಿಕೊಂಡಿದ್ದುದನ್ನೆಲ್ಲ ಅವನು ಅವರೆಲ್ಲರ ಎದುರಿಗೆ ಅಳುತ್ತಾ ಹೇಳಿದ. ಕೇಳಿದವರಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಬೈಯುವುದು ಹೇಗೆ? ಅಂದು ಬಾಗಿಲ ಒಳಗೆ ಚೊಂಬು ಹಿಡಿದು ನಿಂತೇ ಇದ್ದವರು ಅವರಲ್ಲೂ ಇದ್ದರು. ಇದು ಶೆಟ್ಟಿಯೊಬ್ಬನದಲ್ಲ, ನಮ್ಮೆಲ್ಲರ ನಾಚಿಕೆ ಎಂದು ಗುಂಪಿನಲ್ಲಿದ್ದ ಒಬ್ಬ ಮುದುಕಿ ಹೇಳಿದಳಂತೆ. ಹುಚ್ಚುಕಟ್ಟೆ ಎಂಬ ಹೆಸರು ಅಂದೇ ಅಳಿಯಿತು. ಚೌಡವ್ವ ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದು, ಅವನ ತಲೆ ಸವರಿ ಎದ್ದುಹೋದಳು. ನೇಕಾರರು ಮಾತ್ರ ಗೋಣಿಹಾಳು ಬಿಟ್ಟು ಬರಲಿಲ್ಲ. ಅಷ್ಟರಲ್ಲಿ ಅವರ ಮಕ್ಕಳಿಗೆ ಅದೇ ಹುಟ್ಟೂರಾಗಿತ್ತು. ಕೆಂಚನಕೋಟೆಯ ಮದುವೆಗಳಿಗೆ ಧಾರೆಸೀರೆ ಈಗಲೂ ಅಲ್ಲಿಂದಲೇ ಬರುತ್ತದೆ ಎನ್ನುತ್ತಾರೆ.

ಇಂದು ಕೆಂಚನಕೋಟೆಗೆ ಬಂದವರು ಕೋಟೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಊರು ಅಂಥ ಚೆಂದವೇನಿಲ್ಲ ಎಂದುಕೊಳ್ಳುತ್ತಾರೆ. ಬೀದಿ ಮತ್ತೆ ಸೊಟ್ಟಗಾಗಿದೆ, ಜಗಲಿಗಳು ಮತ್ತೆ ಮುಂದಕ್ಕೆ ಚಾಚಿಕೊಂಡಿವೆ. ದಣಿದು ನಾಚಿಕೆಗಟ್ಟೆಯ ಮೇಲೆ ಕೂತರೆ, ಬೇವಿಗೆ ಒರಗಿ ನಿಂತವರಲ್ಲಿ ಒಬ್ಬರು ಏನೂ ಕೇಳದೆ ನೀರು ತಂದು ಕೊಡುತ್ತಾರೆ. ಕೂರದೆ ನಿಂತವರನ್ನೂ ಈಗ ಕರೆಯುತ್ತಾರೆ. ಇನ್ನೊಂದು ಗುರುತನ್ನು ಸೂಕ್ಷ್ಮವಾಗಿ ನೋಡಿದವರು ಮಾತ್ರ ಕಂಡಾರು. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಇಲ್ಲಿನವರು ಬಾಗಿಲ ಪಕ್ಕದಲ್ಲಿ, ನಿಂತವರ ಕೈಗೆ ಎಟಕುವ ಎತ್ತರದಲ್ಲಿ, ಅಂಗೈಯಗಲ ಜಾಗವನ್ನು ಬಳಿಯದೆ ಬಿಡುತ್ತಾರೆ. ಹೊರಗಿನಿಂದ ಬಂದ ಬಣ್ಣದ ಕೆಲಸದವರು ಮರೆತುಹೋಯಿತೆಂದು ಕುಂಚ ಎತ್ತಿದರೆ, ಮನೆಯಾಕೆ ಒಳಗಿನಿಂದಲೇ ಓಡಿಬಂದು ತಡೆಯುತ್ತಾಳೆ. ಅಲ್ಲಿ ಯಾರಾದರೂ ಕೈ ಊರುವವರಿರುತ್ತಾರೆ ಎನ್ನುತ್ತಾಳೆ.