ಐದನೆಯ ಇಯತ್ತೆಯ ಬಡ್ತಿ

ಘಟಪ್ರಭೆಯ ದಂಡೆಯ ಮೇಲೆ ಒಂದು ಪುಟ್ಟ ಆಶ್ರಮ. ಗುರುಗಳು ಸಿದ್ಧಯ್ಯಜ್ಜ. ಶಿಷ್ಯರು ಇಬ್ಬರೇ.

ಒಬ್ಬರು ನೀಲವ್ವ ಅಕ್ಕೋರು. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ, ನಿವೃತ್ತರಾಗಿ ಬಂದವರು. ಇನ್ನೊಬ್ಬ ಮುರಿಗೆಪ್ಪ. ಇಪ್ಪತ್ತಾರರ ಪ್ರಾಯ, ಚುರುಕು ಬುದ್ಧಿ. ಯಾರಾದರೂ ಹೊಗಳಿದರೆ ಮಾತ್ರ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಅಜ್ಜ ಇವರಿಗೆ ಜಪ ಕಲಿಸಲಿಲ್ಲ. ಭಕ್ತರೊಬ್ಬರು ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಸೈನ್ಯ ಕಟ್ಟಿ ರಾಜ್ಯ ಕಾಯುವ ಆಟವೊಂದಿತ್ತು. ಅದರ ಮುಂದೆ ಕೂರಿಸಿದರು. ನಗಬೇಡಿ, ನಿಜ.

“ಜಪಮಣಿ ಕೊಟ್ರ ಕಣ್ಣು ಮುಚ್ಚಿ ತೂಕಡಸ್ತೀರಿ. ಇದನ್ನ ಆಡ್ರಿ. ನೀವು ಯಾರಂತ ನಿಮಗ ತಿಳೀತೈತಿ,” ಅಂದಿದ್ದರು.

ಕಟ್ಟಳೆ ಸರಳ. ಇಬ್ಬರಿಗೂ ಒಂದೇ ರಾಜ್ಯ, ದಿನಕ್ಕೆ ಒಂದೇ ಪಾಳಿ. ಒಂದು ದಿನ ಅಕ್ಕೋರದು, ಮರುದಿನ ಮುರಿಗೆಪ್ಪನದು. ಪಾಳಿ ಮುಗಿದ ಮೇಲೆ ಶತ್ರುವಿನ ನಡೆಯನ್ನು ಯಂತ್ರವೇ ಆಡುತ್ತಿತ್ತು. ಆಡಿದ್ದು ಆಡಿದ ಹಾಗೆ, ಹಿಂದಕ್ಕೆ ಹೋಗುವಂತಿಲ್ಲ.

ಆಟದಲ್ಲಿ ಕಬ್ಬಿಣ ಕೂಡಿದಂತೆ ದಳಗಳಿಗೆ ಬಡ್ತಿ ಕೊಡಬಹುದಿತ್ತು. ಈಟಿಯವರ ಕೈಗೆ ಬಂದೂಕು ಬರುತ್ತಿತ್ತು, ಬಂದೂಕಿನವರ ಕೈಗೆ ತೋಪು. ಒಂದು ತೋಪಿಗೆ ಎಂಟು ದಳಗಳ ಬಂದೂಕಿನಷ್ಟು ಕಬ್ಬಿಣ ಬೇಕಿತ್ತು. ಆದರೆ ಬಡ್ತಿ ಪಡೆದ ದಳ ಆ ದಿನ ನಿಂತ ಜಾಗ ಬಿಟ್ಟು ಕದಲುವಂತಿರಲಿಲ್ಲ.

ಅಕ್ಕೋರು ದಳಗಳಿಗೆಲ್ಲ ಶಾಲೆಯ ತರಗತಿಗಳ ಹೆಸರಿಟ್ಟಿದ್ದರು. ಮೊದಲ ದಿನದಿಂದ ಬದುಕಿ ಬಂದ ಮುದಿ ಈಟಿಯವರಿಗೆ ‘ಐದನೆಯ ಇಯತ್ತೆ’. ಎಂಟು ದಿನ ಯೋಚಿಸಿ, ಒಂದು ಸೋಮವಾರ ಅವರಿಗೆ ಬಂದೂಕು ಕೊಟ್ಟರು.

“ಪಾಸಾದ್ವು ನನ್ನ ಹುಡುಗ್ರು,” ಅಂತ ಒಬ್ಬರೇ ನಕ್ಕರು. ಅಜ್ಜ ಹೊಳೆಗೆ ಹೋಗಿದ್ದರು. ಕೇಳಿದವನು ಮುರಿಗೆಪ್ಪ ಒಬ್ಬನೇ.

ಮಂಗಳವಾರ ಅವನ ಪಾಳಿ. ಇದ್ದಬದ್ದ ಕಬ್ಬಿಣವನ್ನೆಲ್ಲ ಸುರಿದು ಬೀಡಿನಲ್ಲಿದ್ದ ಏಳೂ ದಳಗಳಿಗೆ ಒಮ್ಮೆಲೇ ಬಡ್ತಿ ಕೊಟ್ಟ. ಅಜ್ಜ ನೋಡಿ ಶಹಬ್ಬಾಸ್ ಅನ್ನಲಿ ಅಂತ! ಏಳೂ ದಳ ಹೊಸ ಬಂದೂಕು ಹಿಡಿದು ಗೂಟ ಬಡಿದಂತೆ ನಿಂತವು. ಶತ್ರು ಹೊಳೆ ದಾಟಿ ಬಂದು, ಒಂದೇ ಬಂದೂಕಿನ ದಳ ಕಾಯುತ್ತಿದ್ದ ಹೊಳೆಕೋಟೆಯನ್ನು ಕಿತ್ತುಕೊಂಡ.

ಮುರಿಗೆಪ್ಪನ ಕಿವಿ ಬಿಸಿಯಾದವು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ನಾಚಿಕೆಯಾಯಿತು.

ಯಂತ್ರ ರವಿವಾರಕ್ಕೊಮ್ಮೆ ಆಟದ ನಕಲೊಂದನ್ನು ತಾನಾಗಿ ಎತ್ತಿಡುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅದನ್ನು ತೆರೆದ. ಮಂಗಳವಾರ ಅಳಿಸಿಹೋಯಿತು. ಜೊತೆಗೆ ಅಕ್ಕೋರ ಸೋಮವಾರವೂ ಅಳಿಸಿಹೋಯಿತು.

ಅಕ್ಕೋರ ನಡೆಗಳನ್ನು ನೆನಪು ಮಾಡಿಕೊಂಡು ತಾನೇ ಆಡಿದ. ಐದನೆಯ ಇಯತ್ತೆಗೆ ಬಡ್ತಿ ಮಾತ್ರ ಕೊಡಲಿಲ್ಲ. ಮರೆತು ಅಲ್ಲ, ಆ ಕಬ್ಬಿಣ ಅವನಿಗೆ ಬೇಕಿತ್ತು. ಅದನ್ನೂ ಸೇರಿಸಿ ಹೊಳೆಕೋಟೆಯ ದಳಕ್ಕೆ ತೋಪು ಕೊಟ್ಟ. ಶತ್ರು ಬಂದ, ತೋಪಿನ ಏಟು ತಿಂದು ಓಡಿದ.

ಸಂಜೆ ಅಜ್ಜ ಪರದೆ ನೋಡಿದರು.

“ಬೀಡಿನ ಏಳು ದಳ ಬಿಟ್ಟು, ಮೂಲ್ಯಾಗಿನ ಒಂದು ದಳಕ್ಕ ತೋಪು ಕೊಟ್ಟೀಯಲ್ಲೋ! ಶತ್ರು ಅಲ್ಲೇ ಬರ್ತಾನಂತ ಹೆಂಗ ಗೊತ್ತಾತು?”

“ಹಂಗ ಅನಿಸ್ತ್ರಿ ಅಜ್ಜಾರ.”

“ಭಪ್ಪರೆ! ದೂರದ ದೃಷ್ಟಿ ಐತಿ ನಿನಗ.”

ಬೇಕು ಬೇಕು ಅಂತ ಕಾದಿದ್ದ ಹೊಗಳಿಕೆ. ಈ ಸಲ ಮಾತ್ರ ಕಾಲು ನೆಲ ಬಿಟ್ಟು ಏಳಲಿಲ್ಲ.

ಬುಧವಾರ ಅಕ್ಕೋರು ಆಟ ತೆರೆದು ಪರದೆಗೆ ಬಗ್ಗಿ ನೋಡಿದರು.

“ಮುರಿಗೆಪ್ಪಾ, ಐದನೆಯ ಇಯತ್ತೆ ಕೈಯಾಗ ಇನ್ನೂ ಈಟಿನ ಐತಲ್ಲೋ. ನಾ ಸೋಮವಾರ ಬಂದೂಕು ಕೊಟ್ಟಿದ್ನಲ್ಲ?”

ಆಗಲೇ ಹೇಳಬಹುದಿತ್ತು. ನಾಲಿಗೆ ತುದಿಗೂ ಬಂತು. ಹೇಳಿದರೆ ನಿನ್ನೆಯ ‘ಭಪ್ಪರೆ’ ಏನಾಗಬೇಕು?

“ಕೊಡಬೇಕು ಅಂತಿದ್ರಿ ಅಕ್ಕೋರ. ಕೊಟ್ಟಿರಲಿಕ್ಕಿಲ್ಲ.”

“ಇಲ್ಲೋ, ಕೊಟ್ಟಂಗ ನೆನಪೈತಿ.”

“ಕೊಟ್ಟಿದ್ರ ನನ್ನ ತೋಪಿಗೆ ಕಬ್ಬಿಣ ಎಲ್ಲಿಂದ ಬರ್ತಿತ್ರಿ?”

ಅಕ್ಕೋರು ಬೆರಳು ಮಡಚಿ ಕಬ್ಬಿಣದ ಲೆಕ್ಕ ಹಾಕಿದರು. ಇವನ ಮಾತು ಸರಿಯಾಗಿತ್ತು. ಅವರ ಮುಖ ಬಿಳುಚಿತು.

“ಹೌದು ನೋಡು,” ಅಂದರು ಮೆಲ್ಲಗೆ. “ನಮ್ಮವ್ವಗೂ ಹಿಂಗ ಶುರುವಾಗಿತ್ತು. ಕಡೀ ಕಡೀಗೆ ನನ್ನ ನೋಡಿ, ಯಾರವ್ವಾ ನೀನು ಅಂತ ಕೇಳ್ತಿದ್ಲು.”

ಅಂದಿನಿಂದ ಅವರು ಬೇರೆಯೇ ಆದರು. ಒಲೆ ಆರಿಸಿ ಬಂದು, ಮತ್ತೆ ಹೋಗಿ ನೋಡುವರು. ಸಾರಿಗೆ ಉಪ್ಪು ಹಾಕಿ, ಹಾಕಿದೆನೇನೋ ಅಂತ ಕೇಳುವರು. ಅಂಗೈ ತುಂಬ ಪೆನ್ನಿನಲ್ಲಿ ಬರೆದುಕೊಳ್ಳುವರು. ಮಗ್ಗಿ ತಪ್ಪಿದ ಹುಡುಗರ ಅಂಗೈಗೆ ಬೆತ್ತ ಇಳಿಸಿದ ಕೈ ಅದು!

ಮುರಿಗೆಪ್ಪ ಎಲ್ಲವನ್ನೂ ನೋಡಿದ. ನಾಳೆ ಹೇಳುತ್ತೇನೆ ಅಂದುಕೊಂಡ. ಗುರುವಾರವೂ ಅಂದುಕೊಂಡ, ಶುಕ್ರವಾರವೂ ಅಂದುಕೊಂಡ. ಶನಿವಾರ ಅಕ್ಕೋರ ಮುಖ ಕಂಡರೆ ತಪ್ಪಿಸಿಕೊಂಡು ಹಿತ್ತಿಲಿಗೆ ಹೋಗತೊಡಗಿದ. ಥೂ, ಅದೂ ಒಂದು ಬಾಳೇ?

ರವಿವಾರ ಬೆಳಿಗ್ಗೆ ಅಕ್ಕೋರು ಟ್ರಂಕು ಕಟ್ಟಿಕೊಂಡು ಹೊರಬಂದರು. ಕೈಯಲ್ಲಿ ಅಜ್ಜನ ಸಕ್ಕರೆ ಕಾಯಿಲೆಯ ಗುಳಿಗೆ ಡಬ್ಬಿ. ಮೂರು ವರ್ಷದಿಂದ ಗುಳಿಗೆ ಕೊಡುತ್ತಿದ್ದವರು ಅವರೇ.

“ನಾ ತಮ್ಮನ ಮನೀಗೆ ಹೊಂಟೆ. ಕೊಟ್ಟದ್ದು ಮರ್ತು ಎರಡು ಸಲ ಕೊಟ್ಟೆನಂದ್ರ ಅಜ್ಜಾರ ಗತಿ ಏನು? ಇದನ್ನ ನೀ ಇಟ್ಕೋ. ನಿನ್ನ ತಲಿ ಚಲೋ ಐತಿ.”

ಡಬ್ಬಿಯನ್ನು ಅವನ ಕೈಯಲ್ಲಿಟ್ಟು, ಅಜ್ಜನಿಗೆ ನಮಸ್ಕಾರ ಮಾಡಿ, ಹನ್ನೊಂದರ ಬಸ್ಸಿಗೆ ನಡೆದರು. ಅಜ್ಜ ಎಷ್ಟು ಹೇಳಿದರೂ ಕೇಳಲಿಲ್ಲ.

ಮುರಿಗೆಪ್ಪನಿಗೆ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ಅಜ್ಜನ ಕಾಲ ಮೇಲೆ ಬಿದ್ದು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಬಿಕ್ಕಿಬಿಕ್ಕಿ ಅತ್ತ.

“ನನ್ನ ಕ್ಷಮಿಸ್ರಿ ಅಜ್ಜಾರ.”

ಅಜ್ಜ ಕಾಲು ಹಿಂದಕ್ಕೆಳೆದುಕೊಂಡರು.

“ನನಗ್ಯಾಕ ಹೇಳ್ತೀಯೋ? ನನ್ನ ನೆನಪಿಗೆ ಏನೂ ಆಗಿಲ್ಲ. ಬಸ್ಸು ಇನ್ನೂ ಬಂದಿಲ್ಲ, ಓಡು.”

ಓಡಿದ. ಚಪ್ಪಲಿಯನ್ನೂ ಮೆಟ್ಟಲಿಲ್ಲ.

ಬಸ್ಸು ಬಂದು ನಿಂತಿತ್ತು. ಅಕ್ಕೋರು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು.

“ಅಕ್ಕೋರ! ನೀವು ಕೊಟ್ಟಿದ್ರಿ!”

ಇಡೀ ಬಸ್ಸು ಕಿಟಕಿಯಿಂದ ಇಣುಕಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವನಿಗೆ.

“ಏನಂದಿ?”

“ಸೋಮವಾರ ಐದನೆಯ ಇಯತ್ತೆಗೆ ನೀವು ಬಂದೂಕು ಕೊಟ್ಟಿದ್ರಿ. ನಾ ಕಣ್ಣಾರೆ ನೋಡೀನಿ. ನಾ ಸೋತಿದ್ದೆ ಅಕ್ಕೋರ. ಹಳೇ ನಕಲು ತಗದು ನಿಮ್ಮ ಪಾಳಿ ಅಳಿಸಿದೆ. ನಿಮ್ಮ ಕಬ್ಬಿಣ ತಗೊಂಡೆ. ಕೇಳಿದ್ರ ಸುಳ್ಳು ಹೇಳಿದೆ.”

ಅಕ್ಕೋರು ಮೆಟ್ಟಿಲಿಂದ ಕಾಲು ತೆಗೆದರು.

“ನಾ ಕೊಟ್ಟಿದ್ದೆ?”

“ಕೊಟ್ಟಿದ್ರಿ.”

“ನನ್ನ ತಲಿ ನೆಟ್ಟಗ ಐತಿ?”

“ಐತ್ರಿ. ಕೆಟ್ಟಿದ್ದು ನಂದು.”

ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಕಂಡಕ್ಟರ್ ಹತ್ತುತ್ತೀರೋ ಇಲ್ಲವೋ ಅಂತ ಎರಡು ಸಲ ಕೂಗಿ, ಸೀಟಿ ಊದಿ ಬಸ್ಸು ಬಿಟ್ಟ.

ಧೂಳು ಇಳಿದ ಮೇಲೆ ಅವನ ಬೆನ್ನಿಗೆ ಒಂದು ಗುದ್ದು ಬಿತ್ತು. ಜೋರಾಗಿಯೇ ಬಿತ್ತು. ಇನ್ನೆರಡು ಬೀಳಲಿ ಅಂತ ಅವನು ತಲೆ ತಗ್ಗಿಸಿ ಕಾದ. ಬೀಳಲಿಲ್ಲ.

“ಟ್ರಂಕು ಎತ್ತು,” ಅಂದರು ಅಕ್ಕೋರು.

ಅವರು ಮುಂದೆ, ಇವನು ಹಿಂದೆ. ಆಶ್ರಮದ ಬಾಗಿಲಲ್ಲಿ ಅಕ್ಕೋರು ಗಾಬರಿಯಿಂದ ಗಕ್ಕನೆ ನಿಂತರು.

“ಮುರಿಗೆಪ್ಪಾ, ನನ್ನ ಕೈಚೀಲ ಅಲ್ಲೇ ಬಿಟ್ಟು ಬಂದ್ನೇನೋ?”

ಚೀಲ ಅವರ ಹೆಗಲಲ್ಲೇ ನೇತಾಡುತ್ತಿತ್ತು.

“ನಿಮ್ಮ ಹೆಗಲ ಮ್ಯಾಲೆ ಐತ್ರಿ,” ಅಂದ. ಟ್ರಂಕನ್ನು ಬಾಗಿಲಲ್ಲೇ ಇಳಿಸಿ ಹೊಳೆಯ ಕಡೆ ನಡೆದ.

ಮಧ್ಯಾಹ್ನ ಊಟಕ್ಕೆ ಅವನು ಬರಲಿಲ್ಲ. ಅಜ್ಜ ಹುಡುಕಿಕೊಂಡು ಹೋದಾಗ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಿದ್ದ.

“ನಾ ಆಟ ಬಿಟ್ಟೇನ್ರಿ ಅಜ್ಜಾರ. ಆಶ್ರಮಾನೂ ಬಿಡ್ತೀನಿ.”

“ಯಾಕ?”

“ನಾಚಿಕಿ ಆಗ್ತೈತ್ರಿ. ಅವರ ಮುಂದ ಈ ಮುಖ ಹೆಂಗ ತೋರಿಸಲಿ?”

ಅಜ್ಜ ಪಕ್ಕದಲ್ಲಿ ಕೂತು ಕಾಲನ್ನು ನೀರಿಗೆ ಬಿಟ್ಟರು.

“ನಿನ್ನ ಮುಖ ಯಾರಿಗೆ ಬೇಕೋ? ಅಕ್ಕೋರಿಗೆ ತಮ್ಮ ನೆನಪಿನ ಮ್ಯಾಲೆ ಇನ್ನೂ ನಂಬಿಕಿ ಬಂದಿಲ್ಲ. ನಾಳೆ ‘ನಾ ನಿನ್ನಿ ಏನ ಮಾಡಿದ್ದೆ?’ ಅಂತ ಕೇಳ್ತಾರ. ಕೇಳಿದಾಗ ಅಲ್ಲಿರು. ಅವರು ಏನ ಮಾಡಿದ್ರೋ ಅದನ್ನ ಹೇಳು.”