ದುಂಡುದಿಬ್ಬ ಕಡಿದವನು

"ಗುರುಗಳೇ, ತಪ್ಪು ಮಾಡಿದವನಿಗೆ ಶಿಕ್ಷೆ ಬಂದೇ ಬರುತ್ತದೆಯೇ?" ಎಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಶಿಷ್ಯ ಕೇಳಿದ.

"ಐರ್ಲೆಂಡ್ ದೇಶದಲ್ಲಿ ನಾನು ಕಾಲಿಡದ ಹೊಲವಿಲ್ಲ," ಎಂದರು ಗುರುಗಳು. "ಸುಳ್ಳು. ನಾನು ಅರಸೀಕೆರೆ ದಾಟಿದವನಲ್ಲ. ಆದರೂ ಕೇಳು.

ಅಲ್ಲಿ ಒಬ್ಬ ರೈತನಿದ್ದ. ಒಂದೇ ಹೊಲ, ಒಂದೇ ಹಸು. ಹೊಲದ ನಡುವೆ ಹಳೆಯ ಕಾಲದ ದುಂಡನೆಯ ಮಣ್ಣಿನ ದಿಬ್ಬ, ಅದರ ಮೇಲೊಂದು ಮುಳ್ಳುಮರ. ಕಣ್ಣಿಗೆ ಕಾಣದ ಜನ ಅದರೊಳಗೆ ವಾಸವಾಗಿದ್ದಾರೆಂದು ಊರಿನ ನಂಬಿಕೆ. ಅವರ ಹೆಸರು ಹೇಳುವಂತಿಲ್ಲ, 'ಒಳ್ಳೆಯವರು' ಎನ್ನಬೇಕು. ನಮ್ಮ ನಾಗಬನದ ಹಾಗೆ ಅಲ್ಲಿಯೂ ಕೊಡಲಿ ಹಾಕುವಂತಿಲ್ಲ. ಅಜ್ಜನ ಕಾಲದಿಂದ ನೇಗಿಲು ದಿಬ್ಬವನ್ನು ಸುತ್ತಿಕೊಂಡೇ ಹೋಗುತ್ತಿತ್ತು. ರೈತನಿಗೆ ಸುತ್ತಿ ಸುತ್ತಿ ಸಾಕಾಯಿತು. ಮರ ಕಡಿದ. ದಿಬ್ಬ ಅಗೆದು ನೆಲಸಮ ಮಾಡಿದ.

ಏನೂ ಆಗಲಿಲ್ಲ.

ಮರುದಿನ ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಕೇಳಿದಳು: 'ಏನಾದರೂ ಆಯಿತೇನಪ್ಪ?'

'ಏನೂ ಇಲ್ಲವಲ್ಲ, ಅಜ್ಜಿ. ಗುಂಡುಕಲ್ಲಿನ ಹಾಗಿದ್ದೇನೆ.'

'ಇರಲಿ ಬಿಡು. ಒಳ್ಳೆಯವರಿಗೆ ಅವಸರವಿಲ್ಲ.'

ಆಮೇಲೆ ಊರೆಲ್ಲ ಅದನ್ನೇ ಕೇಳಿತು. ಚರ್ಚಿನ ಬಾಗಿಲಲ್ಲಿ ಕೇಳಿತು, ಕುಲುಮೆಯಲ್ಲಿ ಕೇಳಿತು. ರೈತ ಕಾಯತೊಡಗಿದ. ಬಾಗಿಲು ಕಿರುಗುಟ್ಟಿದರೆ ಎದ್ದು ಕೂರುವನು. ಹೆಂಡತಿ ಕೆಮ್ಮಿದರೆ ಅವಳ ಮುಖ ನೋಡುವನು. ಬೆಳೆ ಚೆನ್ನಾಗಿ ಬಂತು, ಅದಕ್ಕೂ ಹೆದರಿದ. ನಿದ್ದೆ ಹಾರಿಹೋಯಿತು. ನೇಗಿಲ ಹಿಡಿ ಹಿಡಿದೇ ತೂಕಡಿಸಿದ. ಬರುವುದಾದರೆ ಬಂದುಬಿಡಲಿ ಎಂದು ಗೊಣಗಿದ. ಬರಲಿಲ್ಲ.

ಒಂದು ಬೆಳಗ್ಗೆ ಹಸು ಕೊಟ್ಟಿಗೆಯಲ್ಲಿ ಸತ್ತುಬಿದ್ದಿತ್ತು. ಹೆಂಡತಿ ಎದೆ ಬಡಿದುಕೊಂಡು ಅತ್ತಳು. ರೈತ, 'ಅಬ್ಬ, ಆಯಿತಲ್ಲ!' ಎಂದವನೇ ಒಳಗೆ ಹೋಗಿ ಮಲಗಿ ಗೊರಕೆ ಹೊಡೆದ."

"ಅಂದರೆ, ಹಸುವನ್ನು ಕೊಂದು ಒಳ್ಳೆಯವರು ಶಿಕ್ಷೆ ಕೊಟ್ಟರು ಅನ್ನಿ," ಎಂದ ಶಿಷ್ಯ.

"ಹಸು ಮುದಿಯಾಗಿತ್ತು, ಸತ್ತಿತು, ಮನೆಯ ಹಾಲು ಬತ್ತಿದ ದಿನವೇ ಯಜಮಾನನಿಗೆ ನಿದ್ದೆ ಬಂತಲ್ಲ, ಅದನ್ನು ಏನೆನ್ನುತ್ತೀಯ?"

ಶಿಷ್ಯ ಸುಮ್ಮನಾದ.

"ಸುಮ್ಮನಾದವನೇ ಚಹಾದ ದುಡ್ಡು ಕೊಡುವುದು ಈ ಹೋಟೆಲಿನ ಪದ್ಧತಿ," ಎನ್ನುತ್ತ ಗುರುಗಳು ಎದ್ದರು.