ಜಟ್ಟಿಗಾಗಿ ಕಟ್ಟಿದ ಫ್ಲೈ

ಹೊನ್ನಾವರದಲ್ಲಿ, ನದಿ ಕಡಲು ಸೇರುವ ಅಳಿವೆಯ ಬಳಿ, ಪಾಸ್ಕಲ್ ಮಾಸ್ತರ್ ಎಂಬ ಗುರು ಇದ್ದರು. ಫ್ಲೈ ಎಸೆದು ಸಮುದ್ರದ ಮೀನು ಹಿಡಿಯುವ ವಿದ್ಯೆಯನ್ನು ಅವರು ಆಸಕ್ತರಿಗೆ ಕಲಿಸುತ್ತಿದ್ದರು. ಫ್ಲೈ ಎಂದರೆ ಕೊಕ್ಕೆಯ ಮೇಲೆ ಗರಿ, ರೋಮ, ಹೊಳೆಯುವ ಎಳೆಗಳನ್ನಿಟ್ಟು ನೂಲಿನಿಂದ ಕಟ್ಟಿದ ಸುಳ್ಳು ಆಹಾರ. ಸಿಹಿನೀರಿನಲ್ಲಿ ಅದು ಹುಳುವಿನಂತೆ ಕಂಡರೆ ಸಾಕು. ಉಪ್ಪುನೀರಿನಲ್ಲಿ ಸೀಗಡಿಯಂತೆಯೋ ಮರಿಮೀನಿನಂತೆಯೋ ಕಾಣಬೇಕು. ಮೀನು ನಂಬಬೇಕು, ಅಷ್ಟೇ.

ಮಾಸ್ತರರು ವರ್ಷಕ್ಕೊಮ್ಮೆ ಲಕ್ಷದ್ವೀಪಕ್ಕೆ ಹೋಗುತ್ತಿದ್ದರು. ಜೊತೆಗೆ ಒಬ್ಬನೇ ಶಿಷ್ಯನನ್ನು ಕರೆದೊಯ್ಯುತ್ತಿದ್ದರು. ಆ ವರ್ಷ ಅವರ ಮನಸ್ಸಿನಲ್ಲಿದ್ದವರು ಇಬ್ಬರು. ಒಬ್ಬ ಪೇಟೆಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಉಲ್ಲಾಸ. ಇನ್ನೊಬ್ಬ ಟೆಂಪೊ ಓಡಿಸುವ ಜಟ್ಟಿ. ಉಲ್ಲಾಸನ ಬೆರಳು ನಾಜೂಕು. ಜಟ್ಟಿಯ ಎಸೆತ ದೂರ ಹೋಗುತ್ತಿತ್ತು, ಆದರೆ ಅವನಿಗೆ ಅವಸರ. ಮೀನು ಸರಿಯಾಗಿ ಬಾಯಿ ಹಾಕುವ ಮೊದಲೇ ದಾರ ಎಳೆದುಬಿಡುತ್ತಿದ್ದ. ಇದಕ್ಕಾಗಿ ಅವನು ಬೈಸಿಕೊಳ್ಳದ ದಿನವಿರಲಿಲ್ಲ.

ಈ ಸಲ ದ್ವೀಪಕ್ಕೆ ಹೋಗುವವನು ತಾನೇ ಎಂದು ಉಲ್ಲಾಸ ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಹೇಳಿಯಾಗಿತ್ತು.

ಮಾಸ್ತರರದ್ದು ಒಂದು ಕಟ್ಟುಪಾಡು. ಪರೀಕ್ಷೆಯ ದಿನ ಯಾರೂ ತಾವು ಕಟ್ಟಿದ ಫ್ಲೈ ಬಳಸುವಂತಿಲ್ಲ. ಇವನು ಕಟ್ಟಿದ್ದನ್ನು ಅವನು, ಅವನು ಕಟ್ಟಿದ್ದನ್ನು ಇವನು ಎಸೆಯಬೇಕು. ತನಗಾಗಿ ಎಲ್ಲರೂ ಚೆನ್ನಾಗಿಯೇ ಕಟ್ಟಿಕೊಳ್ಳುತ್ತಾರೆ, ಅದರಲ್ಲಿ ನೋಡುವುದೇನಿದೆ ಎಂಬುದು ಅವರ ವಾದ.

ಹಿಂದಿನ ದಿನ ಇಬ್ಬರೂ ಮಾಸ್ತರರ ಜಗಲಿಯಲ್ಲಿ ಸಾಮಾನು ಆರಿಸಿಕೊಂಡರು. ಮಳೆಯಾಗಿ ಅಳಿವೆಯ ನೀರು ಕದಡಿತ್ತು. ಮಂಕು ನೀರಿನಲ್ಲಿ ಮೀನಿಗೆ ಬಣ್ಣಕ್ಕಿಂತ ನೆರಳು ಚೆನ್ನಾಗಿ ಕಾಣುತ್ತದೆ ಎಂದು ಉಲ್ಲಾಸ ಕಪ್ಪು ಗರಿಯನ್ನೂ, ಬೇಗ ತಳಕ್ಕಿಳಿಯಲಿ ಎಂದು ಸೀಸದ ಕಣ್ಣನ್ನೂ, ಅಂದರೆ ಕಣ್ಣಿನಂತೆ ಕಾಣುವ ಭಾರದ ಗುಂಡನ್ನೂ, ಆರಿಸಿದ. ಆಯ್ಕೆ ಸರಿಯಾಗಿದೆ ಎಂದು ಮಾಸ್ತರರು ತಲೆಯಾಡಿಸಿದರು.

ಆಯ್ಕೆ ಎಲ್ಲರ ಎದುರು ಆಯಿತು. ಉಲ್ಲಾಸ ಕಟ್ಟಿದ್ದು ತನ್ನ ಅಂಗಡಿಯಲ್ಲಿ, ಒಬ್ಬನೇ ಕೂತು.

ಸೀಸದ ಕಣ್ಣು ಕೊಕ್ಕೆಯ ಮೇಲೆ ಗಟ್ಟಿಯಾಗಿ ಕೂರಬೇಕಾದರೆ ಮೊದಲು ಬರಿಯ ಉಕ್ಕಿನ ಮೇಲೆ ನೂಲನ್ನು ಒತ್ತೊತ್ತಾಗಿ ಸುತ್ತಿ ಹಾಸಬೇಕು. ಕಾಲರಿನ ಒಳಗೆ ಕ್ಯಾನ್ವಾಸ್ ಇದ್ದಹಾಗೆ ಅದು. ಗರಿ ಕಟ್ಟಿದ ಮೇಲೆ ಆ ಸುತ್ತು ಯಾರಿಗೂ ಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ನಾಲ್ಕು ಎಸೆತಕ್ಕೆ ಕಣ್ಣು ಜಾರುತ್ತದೆ, ಫ್ಲೈ ಮಗುಚುತ್ತದೆ, ಗರಿಗಳು ಕೊಕ್ಕೆಯ ಮೊನೆಯನ್ನು ಮುಚ್ಚಿಬಿಡುತ್ತವೆ.

ಉಲ್ಲಾಸ ಆ ಸುತ್ತು ಹಾಕಲಿಲ್ಲ. ಕೆಡಿಸಬೇಕೆಂದು ತಾನು ಕೆಡಿಸುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಜಟ್ಟಿಗೆ ಇಷ್ಟು ಸಾಕು, ಹೇಗಿದ್ದರೂ ಅವನು ಅವಸರ ಮಾಡಿ ಕಳೆದುಕೊಳ್ಳುವವನೇ ಎಂದುಕೊಂಡ. ಮೇಲಿನ ಕಟ್ಟನ್ನು ಮಾತ್ರ ಎಷ್ಟು ಅಂದವಾಗಿ ಮುಗಿಸಿದನೆಂದರೆ, ಬೆಳಿಗ್ಗೆ ಅದನ್ನು ಕೈಗೆ ತೆಗೆದುಕೊಂಡ ಜಟ್ಟಿ, ಇದನ್ನು ನೀರಿಗೆ ಹಾಕುವುದೋ ಅಂಗಿಗೆ ಸಿಕ್ಕಿಸಿಕೊಂಡು ಮದುವೆಗೆ ಹೋಗುವುದೋ ಎಂದು ಕೇಳಿದ. ಜಟ್ಟಿ ಕಟ್ಟಿಕೊಟ್ಟದ್ದು ಒಂದು ದಪ್ಪ ಗಂಟಿನಂತಿತ್ತು. ಮಳೆಯಲ್ಲಿ ನೆನೆದ ಕಾಗೆಮರಿ ಎಂದು ಉಲ್ಲಾಸ ನಕ್ಕ.

ಕಡಲಿನ ಭರತ ಏರತೊಡಗಿತು. ಇಬ್ಬರೂ ಬಂಡೆಗಳ ಅಂಚಿನಲ್ಲಿ ನಿಂತು ಎಸೆದರು. ಸ್ವಲ್ಪ ಹೊತ್ತಿಗೆ ಆ ಕಾಗೆಮರಿಗೆ ಸಾಧಾರಣ ಗಾತ್ರದ ಒಂದು ಕೆಂಬೇರಿ ಮೀನು ಬಿತ್ತು. ಉಲ್ಲಾಸ ಅದನ್ನು ದಡಕ್ಕೆ ತಂದು, ಮಾಸ್ತರರಿಗೆ ತೋರಿಸಿ, ನೀರಿಗೆ ಬಿಟ್ಟ. ಆಮೇಲೆ ಜಟ್ಟಿಯ ದಾರ ಬಿಗಿಯಿತು. ಬಂಡೆಯ ಸಂದಿನಿಂದ ದೊಡ್ಡ ಕೆಂಬೇರಿ ಎದ್ದಿತ್ತು, ಕೆಂಪು ಮೈ ಒಮ್ಮೆ ಹೊರಳಿದ್ದು ಎಲ್ಲರಿಗೂ ಕಂಡಿತು. ಜಟ್ಟಿ ಈ ಸಲ ಅವಸರ ಮಾಡಲಿಲ್ಲ. ಕಾದ, ಆಮೇಲೆ ಎಳೆದ. ಇದು ಉಲ್ಲಾಸನಿಗೆ ಸ್ಪಷ್ಟವಾಗಿ ಕಂಡಿತು. ಆದರೂ ಕೊಕ್ಕೆ ಚುಚ್ಚಲಿಲ್ಲ. ದಾರ ಸಡಿಲವಾಯಿತು, ಮೀನು ಹೋಯಿತು.

ಹಿಂದೆ ದೂರದಲ್ಲಿ ನಿಂತಿದ್ದ ಮಾಸ್ತರರಿಗೆ ಜಟ್ಟಿ ಕಾದದ್ದು ಕಾಣಲಿಲ್ಲ, ಮೀನು ಹೋದದ್ದಷ್ಟೇ ಕಂಡಿತು. ಅವಸರ ಬಿಡದವನನ್ನು ಸಮುದ್ರದಾಚೆ ಕರೆದುಕೊಂಡು ಹೋಗಿ ಏನು ಮಾಡಲಿ ಎಂದರು. ಜಟ್ಟಿ ದಾರ ಸುತ್ತಿಕೊಂಡು ನೋಡಿದರೆ ಫ್ಲೈ ಮಗುಚಿತ್ತು. ಅದನ್ನು ಕತ್ತರಿಸಿ ಉಲ್ಲಾಸನ ಅಂಗೈಯಲ್ಲಿಟ್ಟ.

"ಎಲ್ಲೋ ಬಂಡೆಗೆ ಹೊಡೆಸಿಬಿಟ್ಟೆ ಅಂತ ಕಾಣ್ತದೆ ಮಾರಾಯ. ಇಷ್ಟು ಚಂದ ಕಟ್ಟಿದ್ದೆ ನೀನು, ನಾನೇ ಹಾಳು ಮಾಡಿದೆ. ಬೇಜಾರು ಮಾಡ್ಕೊಬೇಡ."

ಉಲ್ಲಾಸ ಅಂಗೈ ನೋಡಿದ. ಕಣ್ಣು ಜಾರಿದಲ್ಲಿ ಬರಿಯ ಉಕ್ಕು ಹೊಳೆಯುತ್ತಿತ್ತು. ಜಟ್ಟಿಗೆ ಅದು ಕಂಡಿತ್ತು, ಅರ್ಥವಾಗಿರಲಿಲ್ಲ. ಮಾಸ್ತರರು ಫ್ಲೈ ತೋರಿಸು ಎಂದು ಕೇಳಿರಲಿಲ್ಲ. ಮುಷ್ಟಿ ಮುಚ್ಚಿ ನೀರಿಗೆ ಎಸೆದರೆ ಮುಗಿಯಿತು, ದ್ವೀಪ ಅವನದೇ.

ಜಟ್ಟಿ ಬೈದಿದ್ದರೆ ಸುಮ್ಮನಿರಬಹುದಿತ್ತೇನೋ. ಅವನು ತನ್ನಲ್ಲೇ ಕ್ಷಮೆ ಕೇಳಿದ್ದನ್ನು ಉಲ್ಲಾಸನಿಗೆ ನುಂಗಲಾಗಲಿಲ್ಲ. ನೇರ ಮಾಸ್ತರರ ಬಳಿ ಹೋಗಿ ಅಂಗೈ ಬಿಚ್ಚಿದ.

"ಮಾಸ್ತರ್ರೇ, ಇದಕ್ಕೆ ಕೆಳಗಿನ ಸುತ್ತು ಹಾಕಿಲ್ಲ. ಬೇಕಂತಲೇ ಬಿಟ್ಟೆ."

ಮಾಸ್ತರರು ಫ್ಲೈಯನ್ನು ತಿರುಗಿಸಿ ನೋಡಿದರು. "ನನಗೆ ಯಾಕೆ ಹೇಳ್ತೀಯ? ಮೀನು ಹೋದದ್ದು ಅವನದು. ಅವನಿಗೆ ಹೇಳು."

ಉಲ್ಲಾಸ ಜಟ್ಟಿಗೂ ಹೇಳಿದ. ಜಟ್ಟಿ ತನ್ನ ಸಾಮಾನನ್ನೆಲ್ಲ ಟೆಂಪೊದೊಳಗೆ ಇಟ್ಟ. ಕೊನೆಗೆ, ನಿನ್ನ ಹತ್ತಿರ ಪ್ಯಾಂಟು ಹೊಲಿಸಿಕೊಂಡವರು ಬಗ್ಗುವಾಗ ಜೋಪಾನ ಅಂತ ಪೇಟೆಯಲ್ಲಿ ಹೇಳಬೇಕಾಯ್ತು ಎಂದು ಟೆಂಪೊ ಹತ್ತಿ ಹೋದ.

ಆ ವರ್ಷ ದ್ವೀಪಕ್ಕೆ ಜಟ್ಟಿ ಎಂದು ಮಾಸ್ತರರು ತೀರ್ಮಾನಿಸಿದರು. ನಿಜ ಹೇಳಿದ್ದಕ್ಕೆ ಉಲ್ಲಾಸನಿಗೆ ಬಹುಮಾನ ಕೊಡಲಿಲ್ಲ, ಬೆನ್ನು ತಟ್ಟಲೂ ಇಲ್ಲ. ನಿಜ ಹೇಳುವುದು ಬಾಕಿ ತೀರಿಸಿದಂತೆ, ದಾನವಲ್ಲ ಎಂದರು. ಯಾಕೆ ಹೋಗಲಿಲ್ಲ ಎಂದು ಕೇಳಿದ ಪ್ರತಿ ಗಿರಾಕಿಗೂ ಉಲ್ಲಾಸ ಇದ್ದದ್ದನ್ನು ಇದ್ದಹಾಗೆ ಹೇಳಬೇಕಾಯಿತು. ಹೇಳಿದ.

ದ್ವೀಪಕ್ಕೆ ಹೊರಡುವ ದಿನ ಹತ್ತಿರವಾದಾಗ ಜಟ್ಟಿ ಅಂಗಡಿಗೆ ಬಂದ. ಕತ್ತರಿಸುವ ಮೇಜಿನ ಮೇಲೆ ಹೊಸ ಕೊಕ್ಕೆಗಳ ಪೊಟ್ಟಣವನ್ನೂ ಮರಳಿನ ಬಣ್ಣದ ಗರಿಗಳ ಕಟ್ಟನ್ನೂ ಇಟ್ಟ. ಅಲ್ಲಿ ತಿಳಿನೀರು, ಬಿಳಿ ಮರಳು, ಸೀಗಡಿಯಂಥವು ಬೇಕು ಎಂದ.

"ನನ್ನ ಹತ್ತಿರ ಕಟ್ಟಿಸ್ತೀಯ?" ಎಂದ ಉಲ್ಲಾಸ.

"ಬೇರೆಯವರ ಕಟ್ಟಿನ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ತನ್ನ ಕಟ್ಟಿನೊಳಗೆ ಏನಿಲ್ಲ ಅಂತ ಬಂದು ಹೇಳಿದವನು ನೀನೊಬ್ಬನೇ."

ಉಲ್ಲಾಸ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿ ಬದಿಗಿಟ್ಟು ಮೇಜಿನ ಮೇಲೆ ಜಾಗ ಮಾಡಿದ.

ನೀತಿ: ಇನ್ನೊಬ್ಬರಿಗಾಗಿ ಮಾಡುವ ಕೆಲಸದಲ್ಲಿ ಕಣ್ಣಿಗೆ ಕಾಣದ ಭಾಗವನ್ನು ಬಿಟ್ಟುಬಿಡುವುದೂ ಕಳ್ಳತನವೇ. ಅಂಥ ತಪ್ಪು ನಡೆದುಹೋದರೆ, ಅದರ ಅಪವಾದ ನಿರಪರಾಧಿಯ ತಲೆಯ ಮೇಲೆ ಉಳಿಯಲು ಬಿಡದೆ ತಾನೇ ಮುಂದೆ ಬಂದು ಹೇಳಬೇಕು. ಹಾಗೆ ಹೇಳಿದರೆ ನಷ್ಟ ಖಂಡಿತ ಆಗುತ್ತದೆ. ಆದರೆ ಕಳೆದುಕೊಂಡ ನಂಬಿಕೆ ತಿರುಗಿ ಬರುವುದಿದ್ದರೆ ಆ ದಾರಿಯಲ್ಲೇ ಬರುತ್ತದೆ.